ಹಂತ ಬರೆಯದ ಲೆಕ್ಕ

ಕನ್ನಡ ಪಂಡಿತರಿಗೆ ಸಿಟ್ಟು ಬಂದರೆ ಅದರಲ್ಲೂ ಒಂದು ಸೊಗಸಿರುತ್ತದೆ. ಬೈಸಿಕೊಂಡ ಹುಡುಗನಿಗೆ ನೋವಾಗುವುದು ಮನೆಗೆ ಹೋಗಿ ನಿಘಂಟು ತೆಗೆದ ಮೇಲೆಯೇ. ಡ್ರಿಲ್ ಮಾಸ್ತರಿಗೆ ಸಿಟ್ಟು ಬಂದರೆ ಮೈದಾನ ಸುತ್ತಿಸುತ್ತಾರೆ, ಅಲ್ಲಿಗೆ ಮುಗಿಯಿತು. ಗಣಿತದವರ ಸಿಟ್ಟಿಗೆ ಮಾತ್ರ ಇಂಥ ಹೊರದಾರಿಗಳಿಲ್ಲ. ಅದು ಒಳಗೇ ಕುಳಿತು, ‘ಆದ್ದರಿಂದ’, ‘ಆದಕಾರಣ’ ಎಂದು ಒಂದರ ಕೆಳಗೊಂದು ಸಾಲು ಇಳಿಯುತ್ತ, ತಪ್ಪು ಎದುರಿನವರದೇ ಎಂದು ಸಿದ್ಧವಾಗುವ ತನಕ ವಿಶ್ರಮಿಸುವುದಿಲ್ಲ. ನಾನು ಚಾಮರಾಜಪೇಟೆಯ ಹೈಸ್ಕೂಲೊಂದರಲ್ಲಿ ಉದ್ಯೋಗವಿದ್ದಷ್ಟು ಕಾಲವೂ ಗಣಿತ ಹೇಳಿದವಳು. ನಿವೃತ್ತಿಯ ದಿನ ಸಹೋದ್ಯೋಗಿಗಳು ಹಾರ ಹಾಕಿ, ಮೇಡಂ ಇನ್ನು ಮುಂದೆ ಯಾವುದಕ್ಕೂ ಸಿಟ್ಟಾಗುವ ಅಗತ್ಯವಿಲ್ಲದೆ ನೆಮ್ಮದಿಯಾಗಿರಲಿ ಎಂದು ಹಾರೈಸಿದರು. ಹಾರೈಕೆ ಒಳ್ಳೆಯದೇ. ಆದರೆ ಆಮೇಲೆ ನಮ್ಮ ಮಹಡಿ ಮನೆಗೆ ಚೈತ್ರಾ ಬಾಡಿಗೆಗೆ ಬಂದಳು.

ಚೈತ್ರಾ ಒಳ್ಳೆಯ ಹುಡುಗಿ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಹೇಳುವ ಮನಸ್ಸು ಇರುತ್ತದೋ ಇಲ್ಲವೋ. ಚಿಂತಾಮಣಿ ಕಡೆಯವಳು, ಮೂವತ್ತರ ಆಚೀಚೆ ವಯಸ್ಸು, ಒಬ್ಬಳೇ ಇರುತ್ತಾಳೆ. ಮೊದಲು ಒಂದು ಕಂಪನಿಯಲ್ಲಿದ್ದಳಂತೆ. ಅದನ್ನು ಬಿಟ್ಟು ಸ್ವಂತ ಕೆಲಸ ಮಾಡುತ್ತೇನೆ ಎಂದಳು. ಸ್ವಂತ ಕೆಲಸ ಎಂದರೆ ಹೊಲಿಗೆಯೋ ಕೇಕೋ ಇರಬಹುದು ಎಂದುಕೊಂಡು ನಾನು ಹೆಚ್ಚು ವಿಚಾರಿಸಲಿಲ್ಲ. ಬಂದದ್ದು ಎರಡು ಸೂಟ್‌ಕೇಸು, ಒಂದು ತುಳಸಿ ಕುಂಡ, ಮತ್ತು ನಾಲ್ಕು ಜನ ಹೊತ್ತು ತಂದ, ಸಣ್ಣ ಬೀರುವಿನಷ್ಟು ದೊಡ್ಡ ಒಂದು ಕಪ್ಪು ಯಂತ್ರ. ಅದನ್ನು ಮಹಡಿಯ ಮೆಟ್ಟಿಲ ಪಕ್ಕದ ಕೋಣೆಯಲ್ಲಿಟ್ಟು, ಪ್ರತ್ಯೇಕ ಮೀಟರಿಗೆ ದಪ್ಪ ವೈರು ಎಳೆಸಿ, ಸ್ವಿಚ್ಚು ಹಾಕಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಪಕ್ಕದ ಬೀದಿಯ ಹಿಟ್ಟಿನ ಗಿರಣಿ ನಮ್ಮ ತಲೆಯ ಮೇಲೇ ಬಂದು ಕೂತಂಥ ಸದ್ದು. ಗಿರಣಿಯಾದರೂ ಊಟದ ಹೊತ್ತಿಗೆ ನಿಲ್ಲುತ್ತದೆ. ಇದಕ್ಕೆ ಊಟವೂ ಇಲ್ಲ, ಅಮಾವಾಸ್ಯೆಯ ರಜೆಯೂ ಇಲ್ಲ. ಮೆಟ್ಟಿಲ ಬಾಗಿಲು ತೆಗೆದರೆ ಬೇಕರಿಯ ಒಲೆಯ ಮುಂದೆ ನಿಂತ ಹಾಗೆ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು.

ಇಂಥ ಹೊತ್ತಿನಲ್ಲಿ ಮನೆಯ ಯಜಮಾನರಾದವರು ಏನು ಮಾಡಬೇಕು? ನಮ್ಮವರು ಮೆಟ್ಟಿಲಿಗೆ ಅಡ್ಡಲಾಗಿ ಒಂದು ಹಗ್ಗ ಕಟ್ಟಿ ಬನಿಯನ್ ಒಣಗಿಸಲು ಶುರುಮಾಡಿದರು. ಆಷಾಢದ ಮೋಡದಲ್ಲೂ ಅರ್ಧ ಗಂಟೆಯಲ್ಲಿ ಗರಿಗರಿ ಎಂದು ಮುಟ್ಟಿ ಮುಟ್ಟಿ ನೋಡಿ ಸಂತೋಷಪಟ್ಟರು. ವಿಮಾ ಕಚೇರಿಯಲ್ಲಿ ದುಡಿದು ನಿವೃತ್ತರಾದ ಮನುಷ್ಯ. ಜಗತ್ತಿನಲ್ಲಿ ಯಾವುದರ ಬಗ್ಗೆಯೂ ಅವರಿಗೆ ದೂರಿಲ್ಲ. ಉಪ್ಪು ಹೆಚ್ಚಾದರೂ “ಚೆನ್ನಾಗಿದೆ”, ಕಡಿಮೆಯಾದರೂ “ಚೆನ್ನಾಗಿದೆ”. ಯಂತ್ರದ ಬಗ್ಗೆ ಕೇಳಿದಾಗಲೂ, “ಪಾಪ, ಏನೋ ಮಾಡ್ಕೊಳ್ಲಿ ಬಿಡೆ, ಚೆನ್ನಾಗಿದೆ” ಎಂದರು.

ಕೊನೆಗೆ ನಾನೇ ಮಹಡಿ ಹತ್ತಿದೆ. ಯಂತ್ರದ ಮುಂದೆ ನಿಂತು, ಇದು ಏನು ಮಾಡುತ್ತದೆ ಎಂದು ಕೇಳಿದೆ.

“ಪ್ರೂಫ್ ಮಾಡತ್ತೆ ಆಂಟಿ” ಎಂದಳು ಚೈತ್ರಾ.

“ಯಾವುದನ್ನ?”

“ಬೇರೆಯವರ ಲೆಕ್ಕ ಸರಿ ಇದೆ ಅಂತ. ಬ್ಲಾಕ್‌ಚೈನ್ ಅಂದ್ರೆ ಗೊತ್ತಲ್ವಾ?”

“ಪೇಪರ್‌ನಲ್ಲಿ ಓದಿದೀನಿ, ಯಾರಾದ್ರೂ ದುಡ್ಡು ಕಳ್ಕೊಂಡಾಗ.”

ಚೈತ್ರಾ ನನಗೊಂದು ಕುರ್ಚಿ ಎಳೆದು ಹಾಕಿದಳು. “ಅದು ಬಿಡಿ. ನೀವು ಎಸ್ಸೆಸ್ಸೆಲ್ಸಿ ಪೇಪರ್ ತಿದ್ದೋಕೆ ಹೋಗ್ತಿದ್ರಿ ಅಂತ ಅಂಕಲ್ ಹೇಳ್ತಿದ್ರು. ಅಲ್ಲಿ ಯಾರಿಗೂ ಯಾರ ಮೇಲೂ ನಂಬಿಕೆ ಇಲ್ಲ ಅಂದ್ಕೊಳ್ಳಿ. ಪ್ರತಿಯೊಬ್ಬ ಟೀಚರೂ ಎಲ್ಲಾ ಪೇಪರನ್ನೂ ತಾವೇ ಮತ್ತೆ ತಿದ್ದಿ, ಎಲ್ಲರ ಟೋಟಲ್ಲೂ ಒಂದೇ ಬಂದ್ರೇನೇ ರಿಸಲ್ಟು. ಬ್ಲಾಕ್‌ಚೈನ್ ನಡೆಯೋದು ಹಾಗೆ. ಒಬ್ಬರು ಕಳಿಸಿದ ದುಡ್ಡಿನ ಲೆಕ್ಕನ ಸಾವಿರಾರು ಕಂಪ್ಯೂಟರ್‌ಗಳು ಪ್ರತಿಯೊಂದೂ ಮೊದಲಿಂದ ಮಾಡ್ತವೆ.”

“ಹಾಗಾದ್ರೆ ಮುಂದಿನ ವರ್ಷದ ಬ್ಯಾಚ್ ಬಂದ್ರೂ ರಿಸಲ್ಟ್ ಬರಲ್ಲ.”

“ಅದೇ ತೊಂದ್ರೆ. ಜನ ಜಾಸ್ತಿ ಆದಷ್ಟೂ ನಿಧಾನ. ಅದಕ್ಕೇ ಈಗ ಒಂದು ಕಟ್ಟು ಪೇಪರನ್ನ ಒಬ್ಬರೇ ತಿದ್ದಿ, ಮೇಲೆ ಒಂದು ಚಿಕ್ಕ ಚೀಟಿ ಇಡ್ತಾರೆ. ಚೀಟಿ ನೋಡಿದ್ರೆ ಸಾಕು, ಒಳಗೆಲ್ಲ ಸರಿಯಾಗಿ ತಿದ್ದಿದಾರೆ ಅಂತ ಖಾತ್ರಿ. ಸುಳ್ಳು ಚೀಟಿ ಮಾಡೋಕಾಗಲ್ಲ, ಅದರ ಗಣಿತ ಹಾಗಿದೆ. ಉಳಿದವರು ಕಟ್ಟು ಬಿಚ್ಚೋದೇ ಬೇಡ. ಆದ್ರೆ ಆ ಚೀಟಿ ತಯಾರ್ ಮಾಡೋದು ಮಾತ್ರ ತುಂಬಾ ದೊಡ್ಡ ಕೆಲಸ, ಇಂಥ ಮೆಷಿನ್ನೇ ಬೇಕು. ಎಲ್ಲಾನೂ ಒಂದೇ ಕಂಪನಿ ಕೈಗೆ ಕೊಟ್ರೆ ಅವರು ಬಾಗಿಲು ಹಾಕಿದ ದಿನ ಎಲ್ಲಾ ನಿಂತ್ಹೋಗತ್ತೆ. ಅದಕ್ಕೇ ಪ್ರಪಂಚದ ತುಂಬಾ ನನ್ನಂಥವರು ಮನೇಲಿ ಮೆಷಿನ್ ಇಟ್ಕೊಂಡು ಕೆಲಸ ಹಂಚ್ಕೋತೀವಿ. ಹೇಳಿದ ಹೊತ್ಗೆ ಚೀಟಿ ಕೊಟ್ರೆ ಕೂಲಿ, ಕೊಡ್ದೇ ಇದ್ರೆ ನಾವು ಮೊದಲೇ ಕಟ್ಟಿರೋ ಡಿಪಾಜಿಟ್ ಕಟ್.”

ಇಲ್ಲಿಯವರೆಗೆ ನಾನು ಸಮಾಧಾನದಿಂದಲೇ ಕೇಳಿದೆ. ಮೌಲ್ಯಮಾಪನ ಶಿಬಿರದ ಬೇಸಿಗೆಗಳನ್ನು ಕಂಡವಳಿಗೆ ಕಟ್ಟು ಬಿಚ್ಚದೆ ಮುಗಿಯುವ ಕೆಲಸದ ಆಸೆ ಅರ್ಥವಾಗುತ್ತದೆ. ಒಂದು ವಿಷಯ ಖಚಿತ ಮಾಡಿಕೊಳ್ಳೋಣವೆಂದು, “ಆ ಚೀಟೀಲಿ ಹಂತಗಳೆಲ್ಲ ಬರೆದಿರತ್ತಾ?” ಎಂದು ಕೇಳಿದೆ.

“ಇಲ್ಲ ಆಂಟಿ, ಅದೇ ಅದರ ವಿಶೇಷ. ಒಂದು ಹಂತಾನೂ ತೋರಿಸಬೇಕಾಗಿಲ್ಲ. ಏನನ್ನೂ ಬಿಟ್ಟುಕೊಡದೇನೇ, ನನಗೆ ಗೊತ್ತಿದೆ ಅಂತ ಸಾಬೀತು ಮಾಡ್ಬಹುದು. ಝೀರೋ ನಾಲೆಡ್ಜ್ ಪ್ರೂಫ್ ಅಂತಾರೆ.”

ಝೀರೋ ನಾಲೆಡ್ಜ್ ಇದ್ದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಪ್ರತಿ ವರ್ಷ ಹಿಂದಿನ ಎರಡು ಬೆಂಚುಗಳ ತುಂಬ ಇರುತ್ತಿದ್ದರು. ಅವರು ಏನನ್ನೂ ಸಾಬೀತು ಮಾಡಿದ್ದನ್ನು ಮಾತ್ರ ನೋಡಿಲ್ಲ. ಹಂತ ಬರೆಯದೆ ಉತ್ತರ ಮಾತ್ರ ಬರೆದವರ ಪೇಪರಿನ ಮೇಲೆ ‘ಎಲ್ಲಿಂದ ಬಂತು?’ ಎಂದು ಕೆಂಪು ಶಾಯಿಯಲ್ಲಿ ಬರೆದು ಬರೆದು ನನ್ನ ಬೆರಳು ಬಗ್ಗಿದೆ. ಆ ಪ್ರಶ್ನೆ ಕೇಳಲೇಬಾರದು ಎಂಬ ನಿಯಮದ ಮೇಲೆ ಒಂದು ಯಂತ್ರ, ಅದೂ ನನ್ನದೇ ಮನೆಯ ಮಹಡಿಯಲ್ಲಿ, ಹಗಲಿರುಳು ಗುಂಯ್‌ಗುಡುತ್ತಿದೆ ಎಂದರೆ ನನಗೆ ಹೇಗಾಗಿರಬೇಡ. ಸದ್ದನ್ನು ಸಹಿಸಬಹುದು, ಶೆಖೆಯನ್ನು ಸಹಿಸಬಹುದು, ತತ್ವವನ್ನು ಹೇಗೆ ಸಹಿಸುವುದು? ಇದು ಮೋಸ, ತೋರಿಸದ್ದು ಸಾಬೀತಾಗುವುದಿಲ್ಲ, ಯಂತ್ರ ತೆಗೆಯಬೇಕು ಎಂದೆ.

ಚೈತ್ರಾ ಯೋಚಿಸಿ, “ಒಂದು ಪರೀಕ್ಷೆ ಮಾಡೋಣ ಆಂಟಿ. ನಿಮಗೆ ಒಪ್ಪಿಗೆ ಆದ್ರೆ ಮೆಷಿನ್ ಇರ್ಲಿ. ಇಲ್ಲಾಂದ್ರೆ ನಾನೇ ತೆಗೆದ್ಬಿಡ್ತೀನಿ” ಎಂದಳು.

ಪರೀಕ್ಷೆಗೆ ಅವಳು ಆರಿಸಿಕೊಂಡದ್ದು ನಮ್ಮವರನ್ನು. ಹಿಂದೊಮ್ಮೆ ನನ್ನ ಮಣಿಕಟ್ಟು ಉಳುಕಿದ್ದಾಗ ಅವಳು ಕೆಳಗೆ ಬಂದು ಕಾಫಿ ಬೆರೆಸಿಕೊಟ್ಟಿದ್ದಳು. ನಾನು ಲೋಟ ಒಯ್ದು ಕೊಟ್ಟ ಕೂಡಲೇ ಇವರು, “ಇವತ್ತು ಚೈತ್ರಾ ಕೈ ಕಾಫಿ” ಎಂದಿದ್ದರು. ಅದನ್ನೇ ಅವಳು ಹಿಡಿದಳು. ಒಂದೇ ಡಿಕಾಕ್ಷನ್, ಒಂದೇ ಹಾಲು, ಒಂದೇ ಸಕ್ಕರೆ. ನಾನೊಂದು ಬೆರೆಸುವುದು, ಅವಳೊಂದು. ಅಡುಗೆಮನೆಯಲ್ಲಿ ನಾಣ್ಯ ಚಿಮ್ಮಿ, ಬಿದ್ದ ಮುಖದ ಪ್ರಕಾರ ಯಾರದೋ ಒಂದು ಲೋಟ ಹಜಾರಕ್ಕೆ ಹೋಗುವುದು. ಯಾರ ಕಾಫಿ ಎಂದಷ್ಟೇ ಅವರು ಹೇಳಬೇಕು, ಹೇಗೆ ಗೊತ್ತಾಯಿತು ಎಂದು ಹೇಳಬೇಕಾಗಿಲ್ಲ. ಒಂದು ಸಲ ಸರಿಯಾದರೆ ಅದೃಷ್ಟ, ಮತ್ತೆ ಮತ್ತೆ ಸರಿಯಾದರೆ ಅದೃಷ್ಟದ ಸಾಧ್ಯತೆ ಪ್ರತಿ ಸಲವೂ ಅರ್ಧರ್ಧ ಕರಗುತ್ತ ಹೋಗುತ್ತದೆ. ಇದಿಷ್ಟು ಗಣಿತವನ್ನು ನಾನು ಒಪ್ಪಲೇಬೇಕಾಯಿತು. ಲೋಟ ಒಯ್ಯುವ ಕೆಲಸ ಮಾತ್ರ ನನ್ನದೇ ಎಂದು ಹಟ ಹಿಡಿದೆ. ಪರೀಕ್ಷಾ ಕೊಠಡಿಯನ್ನು ನಾನು ಬೇರೆಯವರ ಕೈಗೆ ಬಿಟ್ಟವಳಲ್ಲ.

ಭಾನುವಾರ ತಿಂಡಿಯಾದ ಮೇಲೆ ಪರೀಕ್ಷೆ ನಡೆಯಿತು. ಪ್ರತಿ ಸಲವೂ ಲೋಟಕ್ಕೆ ಒಂದೆರಡು ಗುಟುಕಿನಷ್ಟೇ ಹಾಕಿ ಒಯ್ದು ಕೊಡುತ್ತಿದ್ದೆ. ಇವರು ಕುಡಿದು, ಒಮ್ಮೆ ಕಣ್ಣೆತ್ತಿ, “ನಿಂದು” ಎನ್ನುವರು. ಇನ್ನೊಮ್ಮೆ, “ಚೈತ್ರಂದು”. ಒಂದೇ ಒಂದು ಸಲವೂ ತಪ್ಪಲಿಲ್ಲ. ಕೊನೆಗೆ ಅವರ ಬಿ.ಪಿ.ಯ ಮೇಲಿನ ಕಾಳಜಿಯಿಂದ ನಾನೇ ಸಾಕು ಎಂದೆ. ಚೈತ್ರಾ ಕೈ ಒರೆಸಿಕೊಳ್ಳುತ್ತ, “ನೋಡಿದ್ರಾ ಆಂಟಿ, ಅಂಕಲ್‌ಗೆ ವ್ಯತ್ಯಾಸ ಗೊತ್ತು ಅಂತ ಸಾಬೀತಾಯ್ತು. ಏನು ವ್ಯತ್ಯಾಸ ಅಂತ ನಮಗೆ ಈಗ್ಲೂ ಗೊತ್ತಿಲ್ಲ” ಎಂದು ನಕ್ಕು ಮೇಲೆ ಹೋದಳು. ಯಂತ್ರ ಉಳಿಯಿತು.

ನಿಜವಾದ ಸಿಟ್ಟು ಶುರುವಾದದ್ದು ಆಮೇಲೆ. ಒಂದೇ ಡಿಕಾಕ್ಷನ್, ಒಂದೇ ಹಾಲು. ಆದರೂ ವ್ಯತ್ಯಾಸವಿದೆ. ಎಂದರೆ ನನ್ನ ಕೈಯಲ್ಲಿ ಏನೋ ಇದೆ, ಅಥವಾ ಏನೋ ಇಲ್ಲ. ಇಷ್ಟು ವರ್ಷ ಬೆಳಿಗ್ಗೆ ಸಂಜೆ ನಾನು ಕೊಟ್ಟ ಕಾಫಿಯನ್ನು “ಚೆನ್ನಾಗಿದೆ” ಎಂದು ಕುಡಿದ ಈ ಮನುಷ್ಯ, ನಿನ್ನೆ ಮೊನ್ನೆ ಬಂದವಳ ಕಾಫಿಯನ್ನು ಒಂದೇ ಗುಟುಕಿನಲ್ಲಿ ಬೇರೆ ಮಾಡಿ ಹೇಳುತ್ತಾನೆ ಎಂದರೆ ಏನರ್ಥ?

“ಏನ್ರೀ ವ್ಯತ್ಯಾಸ?” ಎಂದು ಕೇಳಿದೆ.

“ಅದು ಹೇಳೋ ಹಾಗಿಲ್ಲ ಅಂತಲ್ವಾ ರೂಲ್ಸು?”

“ಪರೀಕ್ಷೆ ಮುಗೀತು. ಈಗ ಹೇಳಿ. ಯಾವುದು ಚೆನ್ನಾಗಿತ್ತು?”

“ಎರಡೂ ಚೆನ್ನಾಗಿತ್ತು” ಎಂದು ಪೇಪರು ಮಡಚಿಕೊಂಡು ಎದ್ದು ಹೋದರು.

ಅಂದಿನಿಂದ ನಮ್ಮ ಮನೆಯ ಕಾಫಿ ಒಂದೇ ಥರ ಇರಲಿಲ್ಲ. ಒಂದು ದಿನ ಡಿಕಾಕ್ಷನ್ ಗಟ್ಟಿ, ಒಂದು ದಿನ ಹಾಲು ಹೆಚ್ಚು, ಒಂದು ದಿನ ನೊರೆ ಬರಿಸಿ, ಒಂದು ದಿನ ಬರಿಸದೆ. ಗಾಂಧಿಬಜಾರಿಗೆ ಹೋಗಿ ಪುಡಿಯ ಹದ ಬದಲಾಯಿಸಿಕೊಂಡು ಬಂದೆ. ಪ್ರತಿಯೊಂದಕ್ಕೂ “ಚೆನ್ನಾಗಿದೆ”. ಚೈತ್ರಾಳನ್ನು ಹಿಡಿದು, ನೀನಾದರೂ ಬಾಯಿ ಬಿಡಿಸು ಎಂದೆ. “ಅಷ್ಟು ಮಾತ್ರ ಈ ಪ್ರೂಫಿಂದ ತಿಳ್ಕೊಳ್ಳೋಕಾಗಲ್ಲ ಆಂಟಿ. ತಿಳ್ಕೊಳ್ಳೋ ಹಾಗಿದ್ರೆ ಅದು ಸರಿಯಾದ ಪ್ರೂಫೇ ಅಲ್ಲ” ಎಂದು ಬಹಳ ಹೆಮ್ಮೆಯಿಂದ ಹೇಳಿದಳು. ಆ ಹೆಮ್ಮೆಯಲ್ಲೇ ಬೀದಿಯವರಿಗೆಲ್ಲ ನಮ್ಮವರ ನಾಲಿಗೆಯ ಕಥೆ ಹೇಳಿಕೊಂಡೂ ಬಂದಿದ್ದಳು. ಹಾಲಿನ ಬೂತಿನಲ್ಲಿ ಜನ ಅವರಿಗೆ ದಾರಿ ಬಿಡತೊಡಗಿದರು.

ಹೀಗಿರುವಾಗ ಒಂದು ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ನಾನು ಹಿತ್ತಲಿನಲ್ಲಿ ಬಟ್ಟೆ ಹರವುತ್ತಿದ್ದೆ. ಹಾಲು ಉಕ್ಕಿ, ಇಂಗಿ, ತಳ ಹಿಡಿದು ಸೀದಿತು. ಹಿತ್ತಲಿಗೇ ವಾಸನೆ ಬಂದು ನಾನು ಓಡಿ ಬಂದೆ. ಮಹಡಿಯಿಂದ ಚೈತ್ರಾ, ತನ್ನ ಯಂತ್ರವೇ ಸುಟ್ಟಿತೇನೋ ಎಂದು ಗಾಬರಿಯಾಗಿ ಇಳಿದು ಬಂದಳು. ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದ ನಮ್ಮವರು ಮಾತ್ರ ಪೇಪರಿನ ಎರಡನೇ ಪುಟದಲ್ಲಿದ್ದರು.

ಒಲೆ ಆರಿಸಿ ಬಂದು ಚೈತ್ರಾ ಮೆಲ್ಲಗೆ ಕೇಳಿದಳು: “ಅಂಕಲ್, ನಿಮಗೆ ವಾಸನೆ ಬರ್ಲಿಲ್ವಾ?”

“ಬಂತಲ್ಲ, ಸ್ವಲ್ಪ” ಎಂದರು.

ಅವಳು ಅವರನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನನ್ನತ್ತ ತಿರುಗಿ, ಕಾಫಿ ಪರೀಕ್ಷೆ ಇನ್ನೊಂದು ಸಲ ಆಗಬೇಕು, ಆದರೆ ಈ ಸಲ ಆಂಟಿ ಲೋಟವನ್ನು ಹಜಾರದ ಕಿಟಕಿಯ ಕಟ್ಟೆಯ ಮೇಲಿಟ್ಟು ದೇವರ ಮನೆಯೊಳಗೆ ಹೋಗಿ ನಿಲ್ಲಬೇಕು ಎಂದಳು. ನಮ್ಮವರು ಬೇಡ ಬೇಡ ಎಂದರು. ಅವರು ಯಾವುದನ್ನಾದರೂ ಬೇಡ ಎಂದದ್ದನ್ನು ನಾನು ಕೇಳಿದ್ದು ಅಪರೂಪ, ಹಾಗಾಗಿ ಆಗಲೇಬೇಕು ಎಂದೆ. ಹೊಸ ಹಾಲು ತಂದು ಕಾಯಿಸಿದ್ದಾಯಿತು. ಮೊದಲನೆಯದಕ್ಕೆ “ನಿಂದು” ಎಂದರು, ಅದು ಚೈತ್ರಾಳದು. ಮುಂದಿನದು ಸರಿಯಾಯಿತು, ಅದರ ಮುಂದಿನದು ಮತ್ತೆ ತಪ್ಪು. ಆಮೇಲೆ ಲೋಟ ಕೆಳಗಿಟ್ಟು ಇದ್ದದ್ದನ್ನು ಹೇಳಿದರು.

ಆ ಕೊರೋನಾ ಜ್ವರ ಬಂದು ಹೋಯಿತಲ್ಲ, ಆಗಿನಿಂದ ಅವರಿಗೆ ವಾಸನೆಯೇ ಇಲ್ಲವಂತೆ. ಸಿಹಿ, ಉಪ್ಪು, ಕಹಿ ಅಷ್ಟು ನಾಲಿಗೆಗೆ ಸಿಗುತ್ತದೆ. ಉಳಿದದ್ದೆಲ್ಲ ಬಿಸಿ ಅಥವಾ ತಣ್ಣಗೆ.

“ಹೇಳ್ಬಾರ್ದಾಗಿತ್ತಾ?” ಎಂದೆ.

“ಹೇಳಿದ್ರೆ ನೀನು ಯಾರಿಗೋಸ್ಕರ ಅಡಿಗೆ ಮಾಡ್ತೀಯಾ? ಹುಳಿಪುಡಿ ಹುರಿಯೋದೇ ಬಿಟ್ಬಿಡ್ತಿದ್ದೆ.”

“ಮತ್ತೆ ಅವತ್ತು ಅಷ್ಟು ಸರಿಯಾಗಿ ಹೇಗೆ ಹೇಳಿದ್ರಿ?”

“ನಿನ್ನ ಕಾಫಿ ಆದ್ರೆ ಕೊಟ್ಬಿಟ್ಟು ನಿಂತ್ಕೋತೀಯ, ಏನಂತಾರೋ ಅಂತ. ಅವಳದಾದ್ರೆ ಲೋಟ ಕೊಡೋವಾಗ್ಲೇ ಹುಬ್ಬು ಗಂಟಾಗಿರತ್ತೆ. ದಿನಾ ಹಂಗೇ ಅಲ್ವಾ? ಸಾರು ಚೆನ್ನಾಗಾಗಿದ್ಯಾ ಅಂತ ನಂಗೆ ಗೊತ್ತಾಗೋದು ನಿನ್ನ ಮುಖ ನೋಡೇ.”

ಈ ಮನುಷ್ಯ ನನ್ನ ಮುಖ ನೋಡುವುದನ್ನು ಬಿಟ್ಟು ಎಷ್ಟೋ ವರ್ಷಗಳಾದವು ಎಂದು ನಾನು ತಿಳಿದಿದ್ದೆ. ಆ ಕ್ಷಣ ಏನಾದರೂ ಒಳ್ಳೆಯ ಮಾತು ಆಡಬೇಕಿತ್ತು. ಆದರೆ ನನಗೆ ಬಂದದ್ದು ಸಿಟ್ಟೇ. ಇಷ್ಟು ಕಾಲ ಹದ ನೋಡಿ ನೋಡಿ ಕೊತ್ತಂಬರಿ ಬೀಜ ಹುರಿದದ್ದು, ನೀರುಮಜ್ಜಿಗೆಗೆ ಇಂಗು ತೇದದ್ದು ಎಲ್ಲ ವ್ಯರ್ಥ ಎಂದು ಒಂದು ಸಿಟ್ಟು. ಇಂಥದ್ದನ್ನು ಒಬ್ಬರೇ ಇಟ್ಟುಕೊಂಡು, ಊಟಕ್ಕೆ ಕೂತಾಗಲೆಲ್ಲ “ಚೆನ್ನಾಗಿದೆ” ಎಂದರಲ್ಲ ಎಂದು ಅದಕ್ಕಿಂತ ದೊಡ್ಡ ಸಿಟ್ಟು. ಅಂದೇ ಸಂಜೆ ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಅವರು, ದಿನಾ ಲವಂಗ, ನಿಂಬೆಹಣ್ಣು ಮೂಸುತ್ತಿರಿ, ಬಂದರೂ ಬರಬಹುದು ಎಂದರು. ಈಗ ಅದು ನಡೆಯುತ್ತಿದೆ. ಲವಂಗದ ಡಬ್ಬಿ ಹಿಡಿದು ಎದುರಿಗೆ ನಿಲ್ಲುವವಳು ನಾನೇ.

ಯಂತ್ರದ ವಿಷಯಕ್ಕೆ ಬಂದರೆ, ಪರೀಕ್ಷೆ ಸುಳ್ಳಾದ್ದರಿಂದ ಅದು ಹೋಗಬೇಕಿತ್ತು. ಚೈತ್ರಾ ಮಾತಿಗೆ ತಪ್ಪುವವಳಲ್ಲ, ವೈರು ಬಿಚ್ಚಿಸುತ್ತೇನೆ ಎಂದಳು. ಹಾಗೆಂದವಳು ಒಂದು ಮಾತು ಸೇರಿಸಿದಳು: “ಆದ್ರೆ ಆಂಟಿ, ತಪ್ಪು ಪ್ರೂಫಿಂದಲ್ಲ. ಪರೀಕ್ಷೆ ಮಾಡಿದವರ ಕಡೆಯಿಂದಾನೇ ಉತ್ತರ ಲೀಕಾಗಿತ್ತು.” ನನ್ನ ಇಡೀ ಸೇವೆಯಲ್ಲಿ ನನ್ನ ಕೊಠಡಿಯಿಂದ ಒಂದು ಚೂರು ಕಾಗದ ಹೊರಗೆ ಹೋದದ್ದಿಲ್ಲ. ಈಗ ಬಾಡಿಗೆಯ ಹುಡುಗಿ ನನ್ನ ಹಜಾರದಲ್ಲಿ ನಿಂತು ನನ್ನ ಮೇಲೆ ಪ್ರಶ್ನೆಪತ್ರಿಕೆ ಸೋರಿಕೆಯ ಆರೋಪ ಹೊರಿಸುತ್ತಿದ್ದಾಳೆ. ಇನ್ನೂ ಸಿಟ್ಟಿನ ವಿಷಯವೆಂದರೆ, ಅವಳು ಹೇಳಿದ್ದು ಸರಿ. ಯಂತ್ರ ಅಲ್ಲೇ ಇರಲಿ, ಬನಿಯನ್ನಾದರೂ ಒಣಗುತ್ತದೆ ಎಂದೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮೊದಲ ಪರೀಕ್ಷೆಯ ಸುದ್ದಿ ಊರು ಸುತ್ತಿತ್ತು, ಎರಡನೆಯದು ನಮ್ಮ ಮೂವರಲ್ಲೇ ಉಳಿದಿತ್ತು. ಬಸವನಗುಡಿಯ ಮಹಿಳಾ ಸಂಘದವರು ಬಂದು, ತಮ್ಮ ಕಾಫಿ ಸ್ಪರ್ಧೆಗೆ ನಮ್ಮವರೇ ತೀರ್ಪುಗಾರರಾಗಬೇಕು ಎಂದು ಕರೆದರು. ಆಗುವುದಿಲ್ಲ ಎಂದರೆ ಯಾಕೆ ಎಂದು ಹೇಳಬೇಕಾಗುತ್ತದೆ. ಇವರು ನನ್ನನ್ನು ನೋಡಿದರು. ಜೊತೆಗೆ ನಾನೂ ರುಚಿ ನೋಡುವುದಾದರೆ ಬರುತ್ತಾರೆ ಎಂದು ನಾನೇ ಹೇಳಿದೆ. ಹೊರಡುವಾಗ ಚೈತ್ರಾ, “ಆಂಟಿ, ಮುಖ ಹುಷಾರು” ಎಂದು ನಗುತ್ತ ಕಳಿಸಿದಳು.

ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಬರೀ ನಂಬರು ಅಂಟಿಸಿದ ಲೋಟಗಳ ಸಾಲು. ಪ್ರತಿಯೊಂದನ್ನೂ ನಾನು ಮೊದಲು ಕುಡಿಯುವುದು, ಆಮೇಲೆ ಅದೇ ಲೋಟದಿಂದ ಅವರು. ನಾನು ಪರೀಕ್ಷಾ ಕೊಠಡಿಯ ಮುಖ ಹಾಕಿಕೊಂಡು ಕೂತೆ. ಈ ಮುಖದಿಂದ ಯಾರೂ ಏನನ್ನೂ ಕದಿಯಲಾರರು ಎಂಬ ಭರವಸೆ ನನಗಿತ್ತು. ಅವರು ಗಂಭೀರವಾಗಿ ಗುಟುಕರಿಸಿ, ಆಗಾಗ ಕಣ್ಣು ಮುಚ್ಚಿ, ಅಂಕ ಬರೆಯುತ್ತ ಹೋದರು. ಕೊನೆಗೆ ಮೊದಲ ಬಹುಮಾನದ ನಂಬರು ಕೂಗಿದಾಗ ಹಿಂದಿನ ಸಾಲಿನಿಂದ ಎದ್ದು ಬಂದದ್ದು ನಮ್ಮವರ ಅಕ್ಕ, ಮಲ್ಲೇಶ್ವರದ ಶಾರದತ್ತಿಗೆ. ಅವರೂ ಸ್ಪರ್ಧೆಗೆ ಬಂದಿದ್ದಾರೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ನಾನು ಆ ಮನೆಗೆ ಸೊಸೆಯಾಗಿ ಬಂದ ದಿನದಿಂದ ಶಾರದತ್ತಿಗೆಯ ಕಾಫಿಯನ್ನು ಕಷಾಯ ಎಂದೇ ಕರೆಯುತ್ತ ಬಂದವಳು. ಅವರ ಮನೆಗೆ ಹೋದಾಗಲೆಲ್ಲ, ನನಗೆ ಕಾಫಿ ಒಗ್ಗುವುದಿಲ್ಲ, ಮಜ್ಜಿಗೆ ಸಾಕು ಎನ್ನುವವಳು. ಅವರು ಮೈಕು ಹಿಡಿದು, ನನ್ನ ತಮ್ಮ ಇನ್ನೂ ನನ್ನ ಕೈರುಚಿ ಮರೆತಿಲ್ಲ ಎಂದು ಕಣ್ಣೊರೆಸಿಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು. ತಮ್ಮನಿಗೂ ಒಂದು ಶಾಲು ಹೊದಿಸಿದರು. ಪಕ್ಕದಲ್ಲಿ ನಿಂತಿದ್ದ ನನ್ನ ಕೈಗೆ ಆ ಶಾಲಿನ ಕವರು ಕೊಟ್ಟರು.

ವಾಪಸು ಬರುವ ಆಟೋದಲ್ಲಿ ಹತ್ತಿ ಕೂತವಳೇ ಶುರುಮಾಡಿದೆ. “ಅಕ್ಕ ಅಂತ ಗೊತ್ತಿದ್ದೇ ಕೊಟ್ರಿ ತಾನೆ?”

“ನಂಬರ್ ಬಿಟ್ರೆ ಏನಿತ್ತು ಅಲ್ಲಿ?”

“ಮತ್ತೆ? ನಾನಂತೂ ಮುಖದಲ್ಲಿ ಏನೂ ತೋರಿಸ್ಲಿಲ್ಲ.”

“ಮುಖದಲ್ಲಿ ಇರ್ಲಿಲ್ಲ, ನಿಜ” ಎಂದು ಶಾಲನ್ನು ಸರಿಯಾಗಿ ಹೊದ್ದುಕೊಂಡರು. “ಬೇರೆ ಲೋಟಗಳಲ್ಲಿ ನೀನು ಒಂದೊಂದು ಗುಟುಕು ಕುಡಿದು ಈಚೆಗಿಟ್ಟೆ. ಅದೊಂದನ್ನ ನೀನು ಪೂರ್ತಿ ಕುಡಿದ್ಬಿಟ್ಟಿದ್ದೆ. ನನಗೆ ಒಂದು ತೊಟ್ಟೂ ಉಳಿಸಿರ್ಲಿಲ್ಲ. ನಾನು ಖಾಲಿ ಲೋಟ ಎತ್ತಿ ಕುಡಿದ ಹಾಗೆ ಮಾಡ್ದೆ.”

ನಾನು ಆಟೋದವನಿಗೆ ಬಲಕ್ಕೆ ಹೋಗಪ್ಪ ಎಂದು ಹೇಳಿ, ಎಡಗಡೆ ಸಾಲುಸಾಲಾಗಿದ್ದ ಹೂವಿನಂಗಡಿಗಳನ್ನು ಮನೆ ಬರುವವರೆಗೂ ನೋಡುತ್ತ ಕೂತೆ. ಹೂವಿನಂಗಡಿಗಳು ಬಹಳ ಹಿಂದೆಯೇ ಮುಗಿದು ಹೋಗಿದ್ದವು.